ಹಂದಿಗೆ ಬೇಕಿರೋದು ಟಾನಿಕ್ ಅಲ್ಲ, ಲೆಕ್ಕ

ಪುತ್ತೂರು, ಸುಳ್ಯ, ಕಡಬದ ಕಡೆ ರಬ್ಬರ್ ತೋಟದ ಅಂಚಿನಲ್ಲಿ ನಾಲ್ಕಾರು ಹಂದಿ ಸಾಕುವುದು ಹೊಸದೇನಲ್ಲ. ಕ್ರಿಸ್‌ಮಸ್, ಮದುವೆ ಅಂದ್ರೆ ಕ್ರೈಸ್ತರ ಮನೆಗಳಲ್ಲಿ ದುಕ್ರಾಮಾಸ್ ಬೇಕೇ ಬೇಕು. ಈಗ ಗಿರಾಕಿ ಕೇಳೋದು ಒಂದೇ ಮಾತು: ಕೊಬ್ಬು ಕಡಿಮೆ ಇರಲಿ. ಆ ಮಾತಿನ ಬೆನ್ನಿಗೇ ಬರುತ್ತವೆ ಪುಡಿ, ಟಾನಿಕ್, 'ಗ್ರೋಥ್ ಬೂಸ್ಟರ್'ಗಳು. ಇವು ನಿಜಕ್ಕೂ ಕೆಲಸ ಮಾಡ್ತಾವಾ?

ಕೆಲವು ಮಾಡ್ತಾವೆ, ಆದರೆ ಮೇವಿನ ಲೆಕ್ಕ ಸರಿಯಿದ್ದರೆ ಮಾತ್ರ. ಹಂದಿಯ ಸ್ನಾಯು ಬೆಳೆಯಲು ಅಮೈನೋ ಆಮ್ಲಗಳು ಬೇಕು. ಧಾನ್ಯದ ಮೇವಿನಲ್ಲಿ ಮೊದಲು ಕೊರತೆ ಬೀಳುವುದು ಲೈಸಿನ್. ಅದು ಕಮ್ಮಿಯಾದರೆ ಉಳಿದ ಪ್ರೋಟೀನ್ ಎಷ್ಟಿದ್ದರೂ ದಂಡ. ಹೆಚ್ಚಾದ ಶಕ್ತಿಯೆಲ್ಲ ಕೊಬ್ಬಾಗಿ ಕೂರುತ್ತದೆ. ಎಂಜಿನಿಯರಿಂಗ್ ಭಾಷೆಯಲ್ಲಿ ಇದು ಬಾಟಲ್‌ನೆಕ್.

ಮೆಕ್ಕೆಜೋಳದಲ್ಲಿ ಲೈಸಿನ್ ಸುಮಾರು 0.25%, ಸೋಯಾ ಹಿಂಡಿಯಲ್ಲಿ ಸುಮಾರು 2.9%. 75 ಕಿಲೋ ಜೋಳಕ್ಕೆ 25 ಕಿಲೋ ಸೋಯಾ ಬೆರೆಸಿದರೆ ಮಿಶ್ರಣದಲ್ಲಿ 0.9% ಆಸುಪಾಸು ಸಿಗುತ್ತದೆ. ಬೆಳೆಯುವ ಹಂದಿಗೆ ಹೆಚ್ಚುಕಮ್ಮಿ ಬೇಕಿರೋದು ಅಷ್ಟೇ. ನಮ್ಮೂರಿನ ತೆಂಗಿನ ಹಿಂಡಿ, ಅಕ್ಕಿ ತೌಡು, ಹೋಟೆಲ್ ಉಳಿಕೆ ಹೊಟ್ಟೆ ತುಂಬಿಸುತ್ತವೆ, ಆದರೆ ಈ ಲೆಕ್ಕ ತುಂಬಿಸೋದು ಕಷ್ಟ. ಅಲ್ಲಿ ಲೈಸಿನ್, ಖನಿಜ ಮಿಶ್ರಣ ಉಪಯೋಗಕ್ಕೆ ಬರುತ್ತವೆ. ಉಳಿದದ್ದನ್ನು ತೀರ್ಮಾನಿಸೋದು ತಳಿ ಮತ್ತು ಮಾರುವ ತೂಕ: ತೂಕ ಏರಿದಷ್ಟೂ ಕೊಬ್ಬಿನ ಪಾಲು ಏರುತ್ತದೆ.

ಅಪಾಯ ಇರೋದು ಲೇಬಲ್ ಇಲ್ಲದ ಡಬ್ಬಿಯಲ್ಲಿ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಐಸಿಯುನಲ್ಲಿ ಕೊನೆಯ ಅಸ್ತ್ರ. ಅದನ್ನೇ ಪ್ರಾಣಿಗಳ ಬೆಳವಣಿಗೆಗೆ ಮೇವಿನಲ್ಲಿ ಬೆರೆಸಲಾಗುತ್ತಿತ್ತು. ಈ ಔಷಧಿಗೆ ಬಗ್ಗದ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ 2015ರಲ್ಲಿ ಚೀನಾದಲ್ಲಿ ವರದಿಯಾಯಿತು, ಹಂದಿಗಳಲ್ಲೂ ಮನುಷ್ಯರಲ್ಲೂ. 2019ರ ಜುಲೈನಲ್ಲಿ ಭಾರತ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿತು, ಮೇವಿನ ಪೂರಕಗಳೂ ಸೇರಿ.

ಇನ್ನೊಂದು ರಾಕ್ಟೋಪಮೈನ್. ಕೊಬ್ಬು ಇಳಿಸಿ ಸ್ನಾಯು ಹೆಚ್ಚಿಸುತ್ತದೆ ನಿಜ. ಅಮೆರಿಕದಲ್ಲಿ ಅನುಮತಿ ಇದೆ. ಯುರೋಪಿಯನ್ ಒಕ್ಕೂಟ, ಚೀನಾದಲ್ಲಿ ನಿಷೇಧ. 2012ರಲ್ಲಿ ಅಂತಾರಾಷ್ಟ್ರೀಯ ಆಹಾರ ಮಾನಕ ಸಂಸ್ಥೆ ಕೋಡೆಕ್ಸ್ ಇದಕ್ಕೆ ಮಿತಿ ನಿಗದಿ ಮಾಡಿದ್ದು 69-67 ಮತಗಳಿಂದ. ತಟ್ಟೆಯ ಮೇಲಿನ ಮಾಂಸದ ಸುರಕ್ಷತೆ ಎರಡೇ ಮತಗಳ ಅಂತರದಲ್ಲಿ ತೀರ್ಮಾನವಾಯಿತು!

ಹಾಗಾದರೆ ಸಾಕುವವರು ಯಾರನ್ನು ಕೇಳಬೇಕು? ಹಾಲಿಗೆ ಒಕ್ಕೂಟ ಇದೆ, ನಂದಿನಿ ಪಶು ಆಹಾರ ಇದೆ. ಹಂದಿಗೆ ಅಂಥ ಸಹಕಾರಿ ಜಾಲ ಇಲ್ಲ. ಕಡಬದ ಕೊಯಿಲದಲ್ಲಿ ಪಶುವೈದ್ಯಕೀಯ ಕಾಲೇಜಿನ ಮಾತು ಶುರುವಾಗಿ ದಶಕ ದಾಟಿದೆ. ಹೀಗಾಗಿ ಸಲಹೆ ಬರೋದು ಅಂಗಡಿ ಕೌಂಟರ್‌ನಿಂದ, ವಾಟ್ಸಾಪ್‌ನಿಂದ.

ಇದು ಮಾಹಿತಿಯ ಕೊರತೆ ಅಷ್ಟೇ ಅಲ್ಲ, ರಾಜಕೀಯ ಆದ್ಯತೆಯ ಪ್ರಶ್ನೆ. ಹಂದಿ ಅಂದ ಕೂಡಲೇ ಮೂಗು ಮುರಿಯುವ ವ್ಯವಸ್ಥೆ, ಅದನ್ನು ಸಾಕಿ ಬದುಕುವವರ ಕಡೆಗೂ ಬೆನ್ನು ತಿರುಗಿಸುತ್ತದೆ. ಅದರ ಬಿಲ್ ಮಾತ್ರ ಹಂದಿಮಾಂಸ ಮುಟ್ಟದವರಿಗೂ ಬರುತ್ತದೆ. ಕೊನೆಯ ಔಷಧಿ ಕೈಕೊಟ್ಟ ದಿನ ಐಸಿಯುನಲ್ಲಿ ಮಲಗಿದವರು ಏನು ತಿಂದಿದ್ದರು ಅಂತ ಬ್ಯಾಕ್ಟೀರಿಯಾ ಕೇಳುವುದಿಲ್ಲ.