ಎಂಜಿನ್ ಇಲ್ಲದೆ ನದಿ ದಾಟಿಸುವ ಕೇಬಲ್ ದೋಣಿ: ಚೆನ್ನೈನ ಮುರಿದ ಸೇತುವೆ ಬಳಿ ಇದು ಸಾಧ್ಯವೇ?

ಚೆನ್ನೈ: ಬೆಸೆಂಟ್ ನಗರದ ಕಡಲತೀರದಲ್ಲಿ ಉತ್ತರಕ್ಕೆ ನಡೆದರೆ ಅಡ್ಯಾರ್ ನದಿ ಸಮುದ್ರ ಸೇರುವ ಅಳಿವೆ ಸಿಗುತ್ತದೆ. ಅಲ್ಲಿ ಅರ್ಧಕ್ಕೇ ತುಂಡಾಗಿ ನಿಂತಿರುವುದು ‘ಬ್ರೋಕನ್ ಬ್ರಿಡ್ಜ್’. ಮೀನುಗಾರರು ಆಚೆ ದಡಕ್ಕೆ ಹೋಗಿಬರಲೆಂದು 1967ರಲ್ಲಿ ಕಟ್ಟಿದ ಈ ಸೇತುವೆಯ ಒಂದು ಭಾಗ 1977ರಲ್ಲಿ ನೀರಿನ ಸೆಳೆತಕ್ಕೆ ಕುಸಿಯಿತು. ಅಂದಿನಿಂದ ಊರೂರು ಕುಪ್ಪಂನವರು ಎದುರಿಗೇ ಕಾಣುವ ಶ್ರೀನಿವಾಸಪುರಕ್ಕೆ ರಸ್ತೆಯಲ್ಲಿ ಹೋಗಬೇಕೆಂದರೆ ತಿರು.ವಿ.ಕ. ಸೇತುವೆಯ ಮೂಲಕ ಸುತ್ತಿ ಬರಬೇಕು.

ಸೇತುವೆ ಇಲ್ಲದ ಇಂಥ ಕಡೆ ಹಲವು ದೇಶಗಳಲ್ಲಿ ಬಳಕೆಯಲ್ಲಿರುವುದು ಕೇಬಲ್ ದೋಣಿ. ಅದು ಅಡ್ಯಾರ್‌ಗೆ ಹೊಂದುತ್ತದೆಯೇ? ಇಲ್ಲಿದೆ ವಿವರ.

ಕೇಬಲ್ ದೋಣಿ ಕೆಲಸ ಮಾಡುವುದು ಹೇಗೆ?

ಎರಡೂ ದಡಗಳ ನಡುವೆ ಗಟ್ಟಿಯಾದ ಕೇಬಲ್ ಬಿಗಿದು, ಅದಕ್ಕೆ ದೋಣಿಯನ್ನು ಜೋಡಿಸಲಾಗುತ್ತದೆ. ಚಿಕ್ಕ ನದಿಗಳಲ್ಲಿ ಹಗ್ಗವನ್ನು ಕೈಯಿಂದಲೇ ಎಳೆಯುತ್ತಾರೆ. ದೊಡ್ಡ ದೋಣಿಗಳಿಗೆ ಎಂಜಿನ್ ಇರುತ್ತದೆ. ಮೂರನೆಯ ಬಗೆಯದ್ದೇ ಕುತೂಹಲಕರ. ಅದಕ್ಕೆ ನದಿಯ ಹರಿವೇ ಇಂಧನ!

ಈ ಬಗೆಯಲ್ಲಿ ದೋಣಿಯನ್ನು ಹರಿವಿಗೆ ಓರೆಯಾಗಿ ನಿಲ್ಲಿಸುತ್ತಾರೆ. ನೀರು ಅದರ ಪಕ್ಕಕ್ಕೆ ಬಡಿದು ತಳ್ಳುತ್ತದೆ. ಕೆಳಕ್ಕೆ ಕೊಚ್ಚಿಹೋಗದಂತೆ ಕೇಬಲ್ ಹಿಡಿದಿರುವುದರಿಂದ ದೋಣಿ ಅಡ್ಡಲಾಗಿ ಸಾಗಿ ಎದುರು ದಡ ಸೇರುತ್ತದೆ. ವಾಪಸ್ ಬರಲು ಓರೆಯನ್ನು ಇನ್ನೊಂದು ಬದಿಗೆ ಬದಲಿಸಿದರೆ ಸಾಕು. ಸ್ವಿಟ್ಜರ್ಲೆಂಡ್‌ನ ಬಾಸೆಲ್ ನಗರದಲ್ಲಿ ರೈನ್ ನದಿ ದಾಟಿಸುವ ಇಂಥ 4 ದೋಣಿಗಳಿವೆ. ಅಲ್ಲಿ ಮೊದಲ ದೋಣಿ ಆರಂಭವಾಗಿದ್ದು 1854ರಲ್ಲಿ.

ಎಲ್ಲ ಕಡೆಯೂ ಸಾಧ್ಯವೇ?

ಇಲ್ಲ. ಇದಕ್ಕೆ ಒಂದೇ ದಿಕ್ಕಿನ, ನಿರಂತರ ಹರಿವು ಬೇಕು. ನಿಂತ ನೀರಿನಲ್ಲಿ ಈ ಉಪಾಯ ನಡೆಯದು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆಯಾಗುವವರೆಗೂ ಸಿಗಂದೂರಿಗೆ ಹೋಗುವವರನ್ನು ಶರಾವತಿ ಹಿನ್ನೀರು ದಾಟಿಸಿದ್ದು ಎಂಜಿನ್ ಇರುವ ಲಾಂಚ್‌ಗಳೇ.

ಅಡ್ಯಾರ್ ಅಳಿವೆಯ ಸಮಸ್ಯೆ ಬೇರೆ. ಉಬ್ಬರವಿಳಿತಕ್ಕೆ ತಕ್ಕಂತೆ ಇಲ್ಲಿ ನೀರಿನ ದಿಕ್ಕೇ ಬದಲಾಗುತ್ತದೆ. ಬೇಸಿಗೆಯಲ್ಲಿ ಮರಳಿನ ದಿಬ್ಬ ನದಿಯ ಬಾಯನ್ನೇ ಮುಚ್ಚುತ್ತದೆ. ಮಳೆಗಾಲದಲ್ಲಿ ಪ್ರವಾಹದ ಭಯ. 2015ರ ಡಿಸೆಂಬರ್‌ನಲ್ಲಿ ಚೆಂಬರಂಬಾಕ್ಕಂ ಕೆರೆಯಿಂದ ಅಡ್ಯಾರ್‌ಗೆ ಸೆಕೆಂಡಿಗೆ 29 ಸಾವಿರ ಘನ ಅಡಿ ನೀರು ಬಿಡಲಾಗಿತ್ತು. ಅಂಥ ದಿನ ಯಾವ ಕೇಬಲ್ ದೋಣಿಯೂ ನೀರಿಗಿಳಿಯುವಂತಿಲ್ಲ. ಇನ್ನೊಂದು ತೊಡಕೂ ಇದೆ: ನೀರಿನ ಮಟ್ಟದಲ್ಲಿ ಕೇಬಲ್ ಬಿಗಿದರೆ ಕಡಲಿಗೆ ಹೋಗುವ ಮೀನುಗಾರರ ದೋಣಿಗಳಿಗೇ ಅಡ್ಡಿಯಾಗುತ್ತದೆ.

ಹಾಗಾದರೆ ಪರಿಹಾರ?

ನೀರು ಶಾಂತವಾಗಿರುವ ತಿಂಗಳುಗಳಲ್ಲಿ ಕೈಯಿಂದ ಎಳೆಯುವ ಅಥವಾ ಚಿಕ್ಕ ಮೋಟರ್‌ನ ದೋಣಿ ಓಡಿಸಬಹುದು. ಆದರೆ ದಾಟುವ ಅಗತ್ಯ ವರ್ಷಪೂರ್ತಿ ಇರುವಂಥದ್ದು. ಹಾಗಾಗಿ ಇಲ್ಲಿ ದೋಣಿ ಸೇತುವೆಗೆ ಪೂರಕವಾಗಬಹುದೇ ಹೊರತು ಬದಲಿಯಾಗದು.

ಕೇಬಲ್ ದೋಣಿ ಹತ್ತುವಾಗ ಗಮನಿಸಿ

ದೋಣಿಯನ್ನು ದಡಕ್ಕೆ ಪೂರ್ತಿ ಕಟ್ಟಿದ ಮೇಲೆಯೇ ಹತ್ತಿ, ಇಳಿಯಿರಿ. ಎಲ್ಲರೂ ಒಂದೇ ಬದಿಗೆ ಸೇರಬೇಡಿ. ಲೈಫ್ ಜಾಕೆಟ್ ಧರಿಸಿ. ಚಲಿಸುವ ಕೇಬಲ್ ಅಥವಾ ರಾಟೆಯ ಹತ್ತಿರ ಕೈ, ಸೆರಗು, ದುಪಟ್ಟಾ ಹೋಗದಂತೆ ನೋಡಿಕೊಳ್ಳಿ. ನೀರು ಏರಿದ್ದರೆ ಆ ದಿನ ಸುತ್ತು ದಾರಿಯೇ ಸುರಕ್ಷಿತ.