ಯೋಧ ಹೋದ ಮೇಲೂ ಚಿಕಿತ್ಸೆ ಉಂಟು

ಮಾಜಿ ಸೈನಿಕರೊಬ್ಬರ ಪತ್ನಿ ತಲೆಸುತ್ತು ಎಂದು ಬಂದಿದ್ದರು. ರಕ್ತದೊತ್ತಡ 190/110. ಪತಿ ತೀರಿಕೊಂಡ ಮೇಲೆ ಮಾತ್ರೆ ನಿಲ್ಲಿಸಿದ್ದರು. ಕೇಳಿದರೆ, ‘ಕಾರ್ಡು ಅವರದಲ್ಲವೇ ಡಾಕ್ಟ್ರೇ, ಅವರೇ ಹೋದ ಮೇಲೆ ನನಗೆಲ್ಲಿ?’ ಎಂದರು.

ಇದು ತಪ್ಪು ತಿಳಿವಳಿಕೆ. 2003ರ ಏಪ್ರಿಲ್ 1ರಂದು ಆರಂಭವಾದ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ, ಅಂದರೆ ಇಸಿಎಚ್‌ಎಸ್, ಕುಟುಂಬ ಪಿಂಚಣಿ ಪಡೆಯುವ ಪತ್ನಿಗೂ ಅನ್ವಯಿಸುತ್ತದೆ. ಪತಿ ಸದಸ್ಯರಾಗಿರದಿದ್ದರೆ ತಾವೇ ಸೇರಬಹುದು. ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡವರು, ಅಂಗವಿಕಲರಾದ ಯೋಧರು ವಂತಿಗೆ ಕಟ್ಟಬೇಕಿಲ್ಲ. ವಯಸ್ಸಿನ ಮಿತಿಯಿಲ್ಲ, ಮೊದಲೇ ಇದ್ದ ಸಕ್ಕರೆ ಕಾಯಿಲೆ, ಹೃದ್ರೋಗಕ್ಕೂ ಚಿಕಿತ್ಸೆ ಉಂಟು.

ಮೊದಲು ಯೋಜನೆಯ ಪಾಲಿಕ್ಲಿನಿಕ್‌ಗೆ ಹೋಗಿ. ಅಗತ್ಯವಿದ್ದರೆ ಅಲ್ಲಿನ ವೈದ್ಯರು ಮಾನ್ಯತೆ ಪಡೆದ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಎದೆನೋವು, ಪಾರ್ಶ್ವವಾಯುವಿನಂಥ ತುರ್ತಿನಲ್ಲಿ ಚೀಟಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಧಾವಿಸಿ. ಅದು ಮಾನ್ಯತೆ ಇಲ್ಲದ್ದಾದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ, ಬಿಲ್ಲುಗಳನ್ನು ಜೋಪಾನವಾಗಿಡಿ.

ನಿಮ್ಮ ನೆರೆಯಲ್ಲಿ ಇಂಥ ತಾಯಿಯೊಬ್ಬರಿದ್ದರೆ ಇದನ್ನು ಓದಿ ಹೇಳಿ. ರಕ್ತದೊತ್ತಡ ನೋವು ಕೊಡದೆಯೇ ಏರುತ್ತದೆ. ಮಾತ್ರೆ ಬಿಟ್ಟವರ ಮನೆಗೆ ಪಾರ್ಶ್ವವಾಯು ಹೇಳಿ ಬರುವುದಿಲ್ಲ.