ಹಾಜರಿ ಯಂತ್ರವೂ ಅಳಿಸಿಹೋದ ನಾಲ್ಕು ದಿನಗಳೂ

ಕಚೇರಿಯ ಬಾಗಿಲಲ್ಲಿ ಬೆರಳೊತ್ತಿ ಒಳಹೋಗುವುದು ನಮ್ಮ ಜಿಲ್ಲೆಯವರಿಗೂ ಈಗ ಹೊಸತಲ್ಲ. ತಿರುವನಂತಪುರದ ಸೆಕ್ರೆಟರಿಯೇಟಿನಲ್ಲಿ 2018ರ ಜನವರಿ 1ರಿಂದ ಪಂಚಿಂಗಿಗೂ ಸಂಬಳಕ್ಕೂ ಗಂಟು ಬಿತ್ತು. ಕಲೆಕ್ಟರೇಟುಗಳಲ್ಲಿಯೂ ಇಲಾಖಾ ಮುಖ್ಯಸ್ಥರ ಕಚೇರಿಗಳಲ್ಲಿಯೂ 2023ರ ಜನವರಿ 3ರೊಳಗೆ ಯಂತ್ರವಿರಿಸಿ, ಸಂಬಳದ ಲೆಕ್ಕವಿಡುವ ‘ಸ್ಪಾರ್ಕ್’ಗೆ ಜೋಡಿಸಬೇಕೆಂದು ಸರಕಾರ ಆಜ್ಞಾಪಿಸಿತ್ತು. ಹೊತ್ತಿಗೆ ಸರಿಯಾಗಿ ಬರುವವರು ಇದಕ್ಕೆ ಅಂಜಬೇಕಾಗಿಲ್ಲವೆಂದೇ ನಾವು ತಿಳಿದಿದ್ದೆವು.

ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಪರಿಚಯದ ಗುಮಾಸ್ತರೊಬ್ಬರಿಗೂ ಅವರ ಜೊತೆಯವರಿಗೂ ನಾಲ್ಕು ದಿನ ಗೈರುಹಾಜರಿ ಬಿತ್ತು. ನಾಲ್ಕು ದಿನವೂ ಅವರು ಬೆರಳೊತ್ತಿದ್ದರು; ಯಂತ್ರವೂ ಒಪ್ಪಿತ್ತು.

ಗೋಡೆಯ ಮೇಲಿನ ಈ ಯಂತ್ರಕ್ಕೆ ಕೆಲಸ ಎರಡು. ಬೆರಳನ್ನು ಗುರುತಿಸಿ ಹೊತ್ತನ್ನು ಬರೆದಿಡುವುದು ಒಂದು. ಅದನ್ನು ಕಂಪ್ಯೂಟರಿಗೆ ಮುಟ್ಟಿಸುವುದು ಇನ್ನೊಂದು. ಬೆರಳ ಗುರುತನ್ನು ತನ್ನೊಳಗೇ ಇರಿಸಿಕೊಂಡ ಯಂತ್ರವಾದರೆ ಸಂಪರ್ಕ ತಪ್ಪಿದರೂ ಬರೆದಿಡುತ್ತದೆ. ಸಂಪರ್ಕ ಮರಳಿದಾಗ ಕಳುಹಿಸುತ್ತದೆ. ಆಧಾರ್ ಮೂಲಕ ನಡೆಯುವ ಹಾಜರಿ ಹಾಗಲ್ಲ. ಪ್ರತಿಯೊಂದು ಬೆರಳನ್ನೂ ದೂರದ ಕೇಂದ್ರವನ್ನು ಕೇಳಿಯೇ ಒಪ್ಪಬೇಕಾದುದರಿಂದ ಇಂಟರ್ನೆಟ್ ಇಲ್ಲದಿದ್ದರೆ ಹಾಜರಿಯೂ ಇಲ್ಲ. ತಮ್ಮ ಕಚೇರಿಯದು ಯಾವ ಬಗೆಯದೆಂದು ನೌಕರರು ಮೊದಲು ಕೇಳಿ ತಿಳಿಯುವುದು ಒಳ್ಳೆಯದು.

ಜೋಡಿಸುವುದರಲ್ಲಿ ಮಂತ್ರವಿದ್ಯೆಯೇನೂ ಇಲ್ಲ. ಸಾಮಾನ್ಯ ನೆಟ್‌ವರ್ಕ್ ಕೇಬಲನ್ನು ಒಂದೇ ಎಳೆತದಲ್ಲಿ 100 ಮೀಟರಿಗಿಂತ ಉದ್ದ ಎಳೆಯಬಾರದು. ಯಂತ್ರದ ಗಡಿಯಾರವನ್ನು ಸರ್ವರಿನ ಹೊತ್ತಿಗೆ ಹೊಂದಿಸಿಡಬೇಕು. ಅದು 10 ನಿಮಿಷ ಮುಂದೋಡಿದರೆ ಸಮಯಕ್ಕೆ ಬಂದವನೂ ತಡವಾಗಿ ಬಂದವನಾಗುತ್ತಾನೆ. ಬಾಗಿಲಿನ ಬೀಗವನ್ನೂ ಅದೇ ಯಂತ್ರ ತೆರೆಯುವುದಾದರೆ, ಕರೆಂಟು ಹೋದಾಗ ಒಳಗಿದ್ದವರು ಹೊರಬರುವ ದಾರಿಯನ್ನು ಮೊದಲೇ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಬೇರೆ ಬೇರೆ ಐ.ಪಿ. ವಿಳಾಸವಿರಬೇಕು. ಎರಡು ಮನೆಗಳಿಗೆ ಒಂದೇ ನಂಬರಾದರೆ ಅಂಚೆಯವನ ಪಾಡೇನು?

ಆ ಕಚೇರಿಯಲ್ಲಿ ಆದದ್ದು ಇದೇ. ಹೊಸದಾಗಿ ತಂದ ಪ್ರಿಂಟರಿಗೆ ಹಾಜರಿ ಯಂತ್ರದ ವಿಳಾಸವನ್ನೇ ಕೊಟ್ಟಿದ್ದರು. ಅದು ತಿಳಿಯಲು ನಾಲ್ಕು ದಿನ ಹಿಡಿಯಿತು. ದಾಖಲೆಯೇನೋ ಯಂತ್ರದೊಳಗೆ ಭದ್ರವಾಗಿಯೇ ಇತ್ತು. ದುರಸ್ತಿಗೆ ಬಂದವರು ಅದನ್ನು ಇಳಿಸಿಕೊಳ್ಳದೆ ಯಂತ್ರದ ಮೆಮೊರಿಯನ್ನೇ ಅಳಿಸಿಬಿಟ್ಟರು!

ಕೊನೆಗೆ ಆಸರೆಯಾದದ್ದು, ಅಟೆಂಡರರೊಬ್ಬರು ಹಟ ಹಿಡಿದು ಉಳಿಸಿಕೊಂಡಿದ್ದ ಹಳೆಯ ಹಾಜರಿ ಪುಸ್ತಕ. ಮನವಿಯನ್ನು ಮಲಯಾಳದಲ್ಲಿ ಹೇಗೆ ಬರೆಯುವುದೆಂದು ಕೇಳಿಕೊಂಡು ಗುಮಾಸ್ತರು ನಮ್ಮಲ್ಲಿಗೆ ಬಂದಿದ್ದರು. ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಲು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಅವಕಾಶವಿದೆಯೆಂದು ನಾವು ನೆನಪಿಸಿದೆವು. ಅಲ್ಲಿಯೇ ಕುಳಿತು ಕನ್ನಡದಲ್ಲಿ ಬರೆದರು. ಪುಸ್ತಕದ ನಾಲ್ಕು ಪುಟಗಳ ನಕಲು ಲಗತ್ತಿಸಿದರು. ಹಿಡಿದಿಟ್ಟ ಸಂಬಳ ಎರಡು ತಿಂಗಳ ಮೇಲೆ ಕೈಸೇರಿತು.